ತರುಣರ ಆರೋಗ್ಯವೂ ಹುಸಿನಾಚಿಕೆಯೂ

(ಮಠದ ಮಹೋತ್ಸವದ ನಿಮಿತ್ತ ಜರುಗಿದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಮಂಗಲಸಮಯದಲ್ಲಿ ರೋಗದ ಮಾತೇಕೆ, ಅದರಲ್ಲಿಯೂ ಹೆಸರು ಹೇಳಲು ಸಭ್ಯರು ಹಿಂಜರಿಯುವ ರೋಗದ ಮಾತೇಕೆ, ಎಂದು ಕೆಲವರಿಗೆ ಅನಿಸಬಹುದು. ಈ ಶಂಕೆಯು ಸಹಜವಾದದ್ದೇ. ಆದರೆ ಮಠವೆಂಬುದು ಕೇವಲ ಪೂಜೆ ಪುರಸ್ಕಾರಗಳ ಸ್ಥಾನವಲ್ಲ. ಹಳ್ಳಿಯ ಬಡಮಕ್ಕಳು ಬಂದು ಉಂಡು ಓದುವ ಪ್ರಸಾದನಿಲಯವು ಅದರ ನೆರಳಿನಲ್ಲಿದೆ. ಶಾಲೆ ಕಾಲೇಜುಗಳು ಅದರ ಆಶ್ರಯದಲ್ಲಿ ನಡೆಯುತ್ತವೆ. ಮಕ್ಕಳ ಹೊಟ್ಟೆಯ ಹಸಿವನ್ನು ವಿಚಾರಿಸುವ ಸಂಸ್ಥೆಯು ಅವರ ಒಡಲಿನ ಕ್ಷೇಮವನ್ನೂ ವಿಚಾರಿಸುವದು ನ್ಯಾಯವೇ ಆಗಿದೆ. ದೇಹವನ್ನು ತುಚ್ಛವೆಂದು ತಳ್ಳಿಬಿಡದೆ ಅದನ್ನು ಶಿವನ ವಾಸಸ್ಥಾನವೆಂದು ಗೌರವಿಸಿದವರು ಬಸವಾದಿ ಶರಣರು. ಆ ಮನೆಗೆ ಕನ್ನ ಬೀಳುತ್ತಿರುವಾಗ ಕಾವಲಿನವರು ಸಂಕೋಚದಿಂದ ಸುಮ್ಮನಿರುವದು ಧರ್ಮವಾಗಲಾರದು.

ಶರೀರಸಂಗದಿಂದ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳಿಗೆ ಗುಹ್ಯರೋಗಗಳೆಂದು ಹಳೆಯ ಹೆಸರು. ಈಗ ಲೈಂಗಿಕ ರೋಗಗಳೆಂದೂ ಕರೆಯುತ್ತಾರೆ. ಗುಹ್ಯವೆಂದರೆ ಮರೆಮಾಡಿದ್ದು. ಈ ರೋಗಗಳ ಬಲವೆಲ್ಲವೂ ಆ ಹೆಸರಿನಲ್ಲಿಯೇ ಅಡಗಿದೆ ಎಂದರೆ ತಪ್ಪಾಗದು. ಇವುಗಳಲ್ಲಿ ಅನೇಕವು ಪೂರ್ಣವಾಗಿ ವಾಸಿಯಾಗತಕ್ಕವು. ವಾಸಿಯಾಗದವುಗಳನ್ನೂ ಔಷಧದಿಂದ ಅಂಕೆಯಲ್ಲಿಡಬಹುದು. ಕೆಲವನ್ನು ಬಾರದಂತೆಯೇ ತಡೆಯಬಹುದು. ಹೀಗಿದ್ದರೂ ಇವು ಜನರನ್ನು ಕೆಡಿಸುತ್ತಿರುವದು ಮುಚ್ಚಿಡುವದರಿಂದ. ಈ ಉಪನ್ಯಾಸದ ಸಾರವು ಇಷ್ಟೇ: ರೋಗಾಣುವಿಗಿಂತ ಹುಸಿನಾಚಿಕೆಯೇ ತರುಣರಿಗೆ ಹೆಚ್ಚು ಹಾನಿಕರವಾದದ್ದು.

ಪರರ ಮೇಲೆ ಹೊರಿಸುವ ಚಾಳಿಯು ಈ ರೋಗದೊಡನೆಯೇ ಹುಟ್ಟಿದೆ. ಕ್ರಿ.ಶ. 1495ನೆಯ ಇಸವಿಯಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನ ಸೈನ್ಯವು ಇಟಲಿಯ ನೇಪಲ್ಸ್ ನಗರದಲ್ಲಿದ್ದಾಗ ಸಿಫಿಲಿಸ್ ಎಂದು ಈಗ ಕರೆಯಲ್ಪಡುವ ರೋಗವು ಉಗ್ರವಾಗಿ ಹಬ್ಬಿತು. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯದವರಿಗೆ ಅದು ಪೋಲೆಂಡಿನ ರೋಗ. ಪೋಲೆಂಡಿನವರಿಗೆ ಜರ್ಮನರ ರೋಗ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದಿಳಿದ ಮೇಲೆ, ಪೋರ್ತುಗೀಜರ ಹಡಗುಗಳ ವ್ಯವಹಾರವು ಪಡುವಣ ಕರಾವಳಿಯಲ್ಲಿ ಬೆಳೆದಂತೆ, ರೋಗವು ಭರತಖಂಡದಲ್ಲಿಯೂ ಕಾಣಿಸಿಕೊಂಡಿತು. 16ನೆಯ ಶತಮಾನದಲ್ಲಿ ಭಾವಮಿಶ್ರನು ರಚಿಸಿದ ‘ಭಾವಪ್ರಕಾಶ’ವೆಂಬ ವೈದ್ಯಗ್ರಂಥವು ಇದನ್ನು ಫಿರಂಗರೋಗವೆಂದು ಕರೆದು, ಚೋಪಚೀನಿ ಬೇರನ್ನೂ ಪಾದರಸದ ಔಷಧವನ್ನೂ ವಿಧಿಸಿತು. ಕನ್ನಡಿಗರ ಬಾಯಲ್ಲಿ ಅದು ಪರಂಗಿ ಹುಣ್ಣಾಯಿತು. ಹೀಗೆ ಎಲ್ಲ ದೇಶದವರೂ ರೋಗಕ್ಕೆ ನೆರೆಯವರ ಹೆಸರನ್ನಿಟ್ಟರು. ತನ್ನ ಮನೆಯ ಹೆಸರನ್ನು ಇಟ್ಟವರು ಒಬ್ಬರೂ ಇಲ್ಲ. ಇಂದಿಗೂ ಆ ಚಾಳಿಯು ಬಿಟ್ಟಿಲ್ಲ. ಇದು ಪಟ್ಟಣದವರ ರೋಗ, ಲಾರಿ ನಡೆಸುವವರ ರೋಗ, ಕೆಟ್ಟವರ ರೋಗ ಎಂದು ಹೇಳುವವರೇ ಹೆಚ್ಚು. ರೋಗಾಣುವು ಮಾತ್ರ ಕುಲ ಗೋತ್ರ ಊರು ಕೇರಿಗಳನ್ನು ವಿಚಾರಿಸಿ ಒಳಗೆ ಬರುವದಿಲ್ಲ.

ರೋಗವು ಎಷ್ಟು ವ್ಯಾಪಕವಾಗಿದೆ ಎಂಬುದನ್ನು ಅರಿಯಲು ಒಂದು ಲೆಕ್ಕವು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ನೆಯ ಇಸವಿಯೊಂದರಲ್ಲಿಯೇ 15ರಿಂದ 49 ವರ್ಷದೊಳಗಿನ ಸ್ತ್ರೀಪುರುಷರಲ್ಲಿ, ವಾಸಿಯಾಗತಕ್ಕ ನಾಲ್ಕು ಗುಹ್ಯರೋಗಗಳು ಹೊಸದಾಗಿ ತಗಲಿದ ಪ್ರಸಂಗಗಳು 37 ಕೋಟಿಗೂ ಮೇಲ್ಪಟ್ಟಿದ್ದವು. ದಿನದ ಲೆಕ್ಕದಲ್ಲಿ ಇದು ಹತ್ತು ಲಕ್ಷಕ್ಕೂ ಮಿಕ್ಕುತ್ತದೆ. ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯಾ, ಟ್ರೈಕೊಮೊನಾಸ್ ಎಂಬವೇ ಆ ನಾಲ್ಕು. ಎಚ್‌ಐವಿ, ಹೆಪಟೈಟಿಸ್-ಬಿ, ಹರ್ಪಿಸ್, ಎಚ್‌ಪಿವಿ ಎಂಬ ನಾಲ್ಕು ವೈರಾಣುಗಳ ಲೆಕ್ಕವು ಇದರಲ್ಲಿ ಸೇರಿಲ್ಲ. ಇವುಗಳಲ್ಲಿ ಬಹುಪಾಲು ಸೋಂಕುಗಳು ಮೇಲೆ ಏನನ್ನೂ ತೋರಗೊಡುವದಿಲ್ಲ. ರೋಗಿಯು ತಾನು ರೋಗಿಯೆಂದು ತಿಳಿಯದೆಯೇ ಅದನ್ನು ಇನ್ನೊಬ್ಬರಿಗೆ ದಾಟಿಸುವನು.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯುವದು ಸುಲಭ. ವಿಜಯಪುರ ಸೀಮೆಯ ಒಬ್ಬ ತರುಣನು ಕಟ್ಟಡದ ಕೆಲಸಕ್ಕೆಂದು ಗೋವೆಗೆ ಹೋದನೆಂದು ಭಾವಿಸಬೇಕು. ಇದು ಯಾವನೊಬ್ಬನ ಕಥೆಯೂ ಅಲ್ಲ. ವೈದ್ಯಶಾಸ್ತ್ರವು ಹೇಳುವ ರೋಗದ ನಡಿಗೆಯನ್ನು ಮಾತ್ರ ಇಲ್ಲಿ ಕಥೆಯ ರೂಪಕ್ಕೆ ತಂದದ್ದು. ಮನೆಯಿಂದ ದೂರ, ಕೈಯಲ್ಲಿ ವಾರದ ಕೂಲಿ, ಜೊತೆಗಾರರ ಒತ್ತಾಯ. ಒಂದು ರಾತ್ರಿ ಆತನು ಎಡವಿದನು. ಸುಮಾರು ಮೂರು ವಾರಗಳಾದ ಮೇಲೆ ಗುಪ್ತಾಂಗದ ಮೇಲೆ ಒಂದು ಗಟ್ಟಿ ಹುಣ್ಣು ಎದ್ದಿತು. ಅದಕ್ಕೆ ನೋವಿರಲಿಲ್ಲ. ನೋವಿಲ್ಲದ್ದರಿಂದ ಭಯವೂ ಅಷ್ಟಾಗಲಿಲ್ಲ. ನಾಚಿಕೆಯು ಮಾತ್ರ ಬಹಳವಾಯಿತು. ಯಾರಿಗೂ ಹೇಳಲಿಲ್ಲ. ನಾಲ್ಕಾರು ವಾರಗಳಲ್ಲಿ ಹುಣ್ಣು ತಾನಾಗಿಯೇ ಮಾಯಿತು. ದೇವರು ದೊಡ್ಡವನೆಂದು ಆತನು ನಿಟ್ಟುಸಿರು ಬಿಟ್ಟನು.

ಆದರೆ ಮಾದದ್ದು ಹುಣ್ಣು, ರೋಗವಲ್ಲ. ಸಿಫಿಲಿಸ್ಸಿನ ಮೋಸವೆಲ್ಲವೂ ಇಲ್ಲಿಯೇ ಇದೆ. ಮದ್ದು ಮಾಡಲಿ ಬಿಡಲಿ, ಮೊದಲ ಹುಣ್ಣು ಮಾಯುವದು ಅದರ ಸ್ವಭಾವ. ಅಷ್ಟರಲ್ಲಿ ರೋಗಾಣುವು ರಕ್ತದಲ್ಲಿ ಸೇರಿ ಮೈತುಂಬ ಹರಡಿರುವದು. ಕೆಲವು ವಾರಗಳ ಮೇಲೆ ಅಂಗೈ ಅಂಗಾಲುಗಳಲ್ಲಿ ಕೆಂಪು ಕಲೆಗಳೂ, ಸಣ್ಣ ಜ್ವರವೂ ಬಂದವು. ಬಿಸಿಲಿನ ಕಾವೆಂದು ಆತನು ಎಣಿಸಿದನು. ಅವೂ ಹೋದವು. ಆಮೇಲೆ ರೋಗವು ವರ್ಷಗಟ್ಟಲೆ ನಿದ್ರಿಸುವದುಂಟು. ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಎದ್ದು ಹೃದಯದ ದೊಡ್ಡ ರಕ್ತನಾಳವನ್ನೋ, ಮೆದುಳನ್ನೋ, ಕಣ್ಣನ್ನೋ ಹಿಡಿಯಬಹುದು. ಆದರೆ ನಮ್ಮ ದೃಷ್ಟಾಂತದ ತರುಣನ ಮನೆಯಲ್ಲಿ ಕೇಡು ಅಷ್ಟು ಕಾಲ ಕಾಯಲಿಲ್ಲ. ಊರಿಗೆ ಬಂದ ವರ್ಷವೇ ಹಿರಿಯರು ಆತನಿಗೆ ಮದುವೆ ಮಾಡಿದರು. ಜಾತಕ ನೋಡಿದರು, ಹೊಲಮನೆ ನೋಡಿದರು. ರಕ್ತಪರೀಕ್ಷೆಯ ಮಾತನ್ನು ಆಡಿದವರು ಯಾರೂ ಇರಲಿಲ್ಲ. ಸೊಸೆಯು ಗರ್ಭಿಣಿಯಾದಳು. ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲಿಯೇ ಸತ್ತಿತು. ಊರವರು ಸೊಸೆಯ ಕಾಲ್ಗುಣವೆಂದರು. ಅಪರಾಧವಿಲ್ಲದ ಹೆಣ್ಣುಮಗಳೊಬ್ಬಳು ಎರಡು ಸಲ ಪೆಟ್ಟು ತಿಂದಳು: ಒಮ್ಮೆ ರೋಗದಿಂದ, ಒಮ್ಮೆ ಲೋಕದ ನಾಲಗೆಯಿಂದ.

ಈ ದುಃಖದಲ್ಲಿ ಅತ್ಯಂತ ಕಹಿಯಾದ ಸಂಗತಿ ಯಾವದೆಂದರೆ, ಇದು ಸ್ವಲ್ಪದರಲ್ಲಿ ತಪ್ಪಬಹುದಾಗಿತ್ತು. 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಎಂಬ ವಿದ್ವಾಂಸರು ಸುರುಳಿಯಾಕಾರದ ಆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಮರುವರ್ಷವೇ ವಾಸರ್‌ಮನ್ನನ ರಕ್ತಪರೀಕ್ಷೆಯು ಬಂದಿತು. 1910ರಲ್ಲಿ ಎರ್ಲಿಕ್ಕನ ಔಷಧವು ಬಳಕೆಗೆ ಬಂದಿತು. ಸಂಖ್ಯೆ 606 ಎಂದು ಪ್ರಸಿದ್ಧವಾದ ಅದು ಪಾಷಾಣದಿಂದ ಮಾಡಿದ್ದು. 1928ರಲ್ಲಿ ಫ್ಲೆಮಿಂಗನು ಕಂಡುಹಿಡಿದ ಪೆನಿಸಿಲಿನ್ನನ್ನು 1943ರಲ್ಲಿ ಅಮೇರಿಕೆಯ ಮಹೋನಿಯೆಂಬ ವೈದ್ಯನು ಈ ರೋಗಕ್ಕೆ ಕೊಟ್ಟು ಗುಣ ಕಂಡನು. ಅಂದಿನಿಂದ ಇಂದಿನವರೆಗೂ ಆ ಔಷಧವು ಸಿಫಿಲಿಸ್ಸಿಗೆ ಸೋತಿಲ್ಲ. ರೋಗದ ಮೊದಲ ಹಂತದಲ್ಲಿ ಒಂದೇ ಸಲ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಸಾಕಾಗುತ್ತದೆ. ಗರ್ಭಿಣಿಯ ರಕ್ತವನ್ನು ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಿ ಅದೇ ಮದ್ದನ್ನು ಸಕಾಲದಲ್ಲಿ ಕೊಟ್ಟರೆ ಕೂಸನ್ನೂ ಉಳಿಸಬಹುದು. ಆದಕಾರಣ ತಾಯಿ ಕಾರ್ಡ್ ಮಾಡಿಸಲು ಹೋದ ಗರ್ಭಿಣಿಗೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಹೇಳಿದರೆ, ಅದನ್ನು ಅವಮಾನವೆಂದು ಭಾವಿಸದೆ ಕೂಸಿನ ರಕ್ಷೆಯೆಂದು ಭಾವಿಸತಕ್ಕದ್ದು. ಗಂಡನೂ ಜೊತೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವದು ಆತನ ಕರ್ತವ್ಯ.

ಗೊನೊರಿಯಾ ಮತ್ತು ಕ್ಲಮೀಡಿಯಾಗಳ ರೀತಿಯು ಬೇರೆ. ಪುರುಷನಿಗೆ ಉರಿಮೂತ್ರವೂ ಕೀವೂ ಕಾಣಿಸಿ ಆತನನ್ನು ಎಚ್ಚರಿಸಬಹುದು. ಹೆಂಗಸರಲ್ಲಿ ಬಹಳ ಮಂದಿಗೆ ಯಾವ ಚಿಹ್ನೆಯೂ ತೋರುವದಿಲ್ಲ. ತೋರಿದರೂ ಬಿಳಿಸೆರಗೆಂದು, ಸೊಂಟನೋವೆಂದು, ಉಷ್ಣವೆಂದು ಹೇಳಿ ಸುಮ್ಮನಾಗುವದುಂಟು. ಅಷ್ಟರಲ್ಲಿ ರೋಗವು ಗರ್ಭಕೋಶವನ್ನು ದಾಟಿ ಅಂಡನಾಳಗಳನ್ನು ಮುಟ್ಟಿ ಅವುಗಳನ್ನು ಮುಚ್ಚಿಬಿಡಬಹುದು. ಆಮೇಲೆ ಬಸಿರು ನಿಲ್ಲುವದಿಲ್ಲ. ಅಥವಾ ನಾಳದಲ್ಲಿಯೇ ಬಸಿರಾಗಿ ಪ್ರಾಣಕ್ಕೆ ಅಪಾಯವಾಗುವದು. ಬಂಜೆಯೆಂದು ಬೈಸಿಕೊಂಡು, ಹರಕೆ ಹೊತ್ತು, ಕಡೆಗೆ ಸವತಿಯನ್ನೂ ಕಂಡ ಹೆಂಗಸರಲ್ಲಿ ಎಷ್ಟು ಮಂದಿಗೆ ಈ ಕೇಡು ಗಂಡನಿಂದಲೇ ಬಂದಿದ್ದಿತೋ ಬಲ್ಲವರಾರು? ಪ್ರಸವದ ವೇಳೆಗೆ ತಾಯಿಗೆ ಗೊನೊರಿಯಾ ಇದ್ದರೆ ಕೂಸಿನ ಕಣ್ಣಿಗೆ ಸೋಂಕು ತಗಲಿ ಕುರುಡಾಗುವ ಭಯವುಂಟು. 1880ರ ಸುಮಾರಿಗೆ ಜರ್ಮನಿಯ ಕ್ರೇಡೆ ಎಂಬ ವೈದ್ಯನು ಹುಟ್ಟಿದ ಕೂಸಿನ ಕಣ್ಣಿಗೆ ಔಷಧದ ಹನಿಯನ್ನು ಹಾಕುವ ಪದ್ಧತಿಯನ್ನು ತಂದು ಅಸಂಖ್ಯ ಮಕ್ಕಳ ದೃಷ್ಟಿಯನ್ನು ಉಳಿಸಿದನು.

ಗೊನೊರಿಯಾ ರೋಗಾಣುವಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯ. ಅದು ಔಷಧವನ್ನು ಗೆಲ್ಲಲು ಕಲಿಯುವ ಜಾತಿಯದು. ಮೊದಲು ಸಲ್ಫಾ ಔಷಧಗಳನ್ನು ಗೆದ್ದಿತು; ಆಮೇಲೆ ಪೆನಿಸಿಲಿನ್ನನ್ನು ಗೆದ್ದಿತು; ಅನಂತರ ಬಂದ ಅನೇಕ ಗುಳಿಗೆಗಳನ್ನೂ ಗೆದ್ದಿದೆ. ಔಷಧದಂಗಡಿಯಲ್ಲಿ ತಗ್ಗಿದ ದನಿಯಲ್ಲಿ ನಾಲ್ಕು ಗುಳಿಗೆಗಳನ್ನು ಕೇಳಿ ತಂದು, ಎರಡನ್ನು ನುಂಗಿ, ಉರಿಯು ಕಡಿಮೆಯಾದೊಡನೆ ಉಳಿದವನ್ನು ಎಸೆಯುವವನು ರೋಗಾಣುವಿಗೆ ಗರಡಿಮನೆಯಲ್ಲಿ ಪಟ್ಟು ಕಲಿಸಿದಂತೆ ಮಾಡುತ್ತಾನೆ.

ಎಚ್‌ಪಿವಿ ಎಂಬ ವೈರಾಣುವು ಮತ್ತೊಂದು ಬಗೆಯದು. ಬಹುಜನರಲ್ಲಿ ಅದು ತಾನಾಗಿ ಹೋಗಿಬಿಡುವದು. ಕೆಲವು ಹೆಂಗಸರಲ್ಲಿ ಮಾತ್ರ ಉಳಿದುಕೊಂಡು ಹತ್ತಾರು ವರ್ಷಗಳ ಮೇಲೆ ಗರ್ಭಕಂಠದ ಅರ್ಬುದರೋಗವನ್ನು ಉಂಟುಮಾಡುವದು. 2020ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ 42 ಸಾವಿರ ಹೆಂಗಸರು ಈ ಅರ್ಬುದದಿಂದ ಸತ್ತರೆಂದು ಅಂದಾಜು. ವೈರಾಣುವಿಗೂ ಅರ್ಬುದಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. 2006ರಿಂದ ಇದಕ್ಕೆ ಲಸಿಕೆಯುಂಟು. ಪುಣೆಯ ಸೀರಂ ಸಂಸ್ಥೆಯು ಸ್ವದೇಶದ ಲಸಿಕೆಯನ್ನೂ ಸಿದ್ಧಪಡಿಸಿದೆ. 9ರಿಂದ 14 ವರ್ಷದ ಹುಡುಗಿಯರಿಗೆ, ಸೋಂಕಿನ ಸಂಭವವೇ ಒದಗುವ ಮೊದಲು, ಇದನ್ನು ಹಾಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಚಿಕ್ಕ ಹುಡುಗಿಗೆ ಇಂಥ ಲಸಿಕೆಯೇಕೆ ಎಂದು ಮೂಗು ಮುರಿಯುವ ತಂದೆಯು ಯೋಚಿಸಬೇಕು: ಮಳೆ ಬರುವ ಮೊದಲೇ ಮಾಳಿಗೆಗೆ ಮಣ್ಣು ಹಾಕುವದು ರೈತನ ಜಾಣತನವಲ್ಲವೇ?

ಇನ್ನು ಎಚ್‌ಐವಿ. 1981ರಲ್ಲಿ ಅಮೇರಿಕೆಯಲ್ಲಿ ಏಡ್ಸ್ ರೋಗವು ಗುರುತಿಗೆ ಬಂದಿತು. 1986ರಲ್ಲಿ ಮದರಾಸಿನ ವೈದ್ಯೆ ಸುನೀತಿ ಸಾಲೊಮನ್ನರೂ ಅವರ ಶಿಷ್ಯೆ ನಿರ್ಮಲಾ ಅವರೂ ಭಾರತದಲ್ಲಿ ಮೊದಲು ಅದರ ಸೋಂಕನ್ನು ಕಂಡುಹಿಡಿದರು. ಕರ್ನಾಟಕಕ್ಕೂ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ. 2000ದ ಮೊದಲ ವರ್ಷಗಳಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ಇದ್ದುದು ಸರಕಾರದ ಸಮೀಕ್ಷೆಗಳಲ್ಲಿ ಕಂಡುಬಂದಿತು. ಗಂಡನೊಬ್ಬನ ಹೊರತು ಅನ್ಯರನ್ನರಿಯದ ಗರತಿಯರು ಅವರು. ಮದುವೆಯ ತಾಳಿಯೊಂದೇ ರಕ್ಷೆಯಲ್ಲವೆಂಬುದನ್ನು ಈ ಸಂಗತಿಯು ಹೇಳುತ್ತದೆ. ಬಡತನ, ಗುಳೆ ಹೋಗುವದು, ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಡುವ ದುಷ್ಟ ಪದ್ಧತಿ, ಇವೆಲ್ಲವೂ ಆ ಬೆಂಕಿಗೆ ಗಾಳಿಯಾದವು. ಆ ಪದ್ಧತಿಯನ್ನು ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಕಾಯಿದೆಯಿಂದ ನಿಷೇಧಿಸಲಾಯಿತು.

ಅಂದು ಎಚ್‌ಐವಿಯೆಂದರೆ ಮರಣಪತ್ರವೇ ಆಗಿತ್ತು. ಇಂದು ಹಾಗಿಲ್ಲ. 2004ರಿಂದ ಭಾರತ ಸರಕಾರವು ಎಆರ್‌ಟಿ ಔಷಧವನ್ನು ಧರ್ಮಾರ್ಥವಾಗಿ ಕೊಡುತ್ತಿದೆ. ನೇಮದಿಂದ ಗುಳಿಗೆ ನುಂಗುವವನು ಉಳಿದವರಂತೆಯೇ ದುಡಿದು, ಮದುವೆಯಾಗಿ, ಸೋಂಕಿಲ್ಲದ ಮಕ್ಕಳನ್ನು ಪಡೆದು ಬಾಳಬಹುದು. ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಇಳಿದು ಹಾಗೆಯೇ ನಿಂತವರಿಂದ ಶರೀರಸಂಗದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವದಿಲ್ಲವೆಂದೂ ಸಿದ್ಧವಾಗಿದೆ. ಒಟ್ಟಿಗೆ ಉಣ್ಣುವದರಿಂದ, ಒಂದೇ ತಂಬಿಗೆಯ ನೀರು ಕುಡಿಯುವದರಿಂದ, ಕೈಹಿಡಿಯುವದರಿಂದ, ಸೊಳ್ಳೆ ಕಚ್ಚುವದರಿಂದ ಎಚ್‌ಐವಿಯು ಬರುವದಿಲ್ಲ. ಆದುದರಿಂದ ಸೋಂಕಿತನನ್ನು ಪಂಕ್ತಿಯಿಂದ ಎಬ್ಬಿಸುವದು ಅಜ್ಞಾನವೂ ಹೌದು, ಪಾಪವೂ ಹೌದು.

ಈ ರೋಗಗಳು ತರುಣರನ್ನೇ ಹೆಚ್ಚು ಮುತ್ತುವದಕ್ಕೆ ಕಾರಣಗಳುಂಟು. ಹದಿಹರೆಯದ ಹುಡುಗಿಯ ಗರ್ಭಕಂಠದ ಚರ್ಮವು ಇನ್ನೂ ಬಲಿತಿರುವದಿಲ್ಲವಾದ್ದರಿಂದ ಸೋಂಕು ಬೇಗನೆ ತಗಲುವದು. ಬಾಲ್ಯವಿವಾಹವು ಕೆಡುಕೆನ್ನುವದಕ್ಕೆ ಇದೂ ಒಂದು ಕಾರಣ. ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮನೆ ಬಿಟ್ಟು ದೂರದಲ್ಲಿರುವ ಮಕ್ಕಳಿಗೆ ತಿಳಿಹೇಳುವವರು ಹತ್ತಿರ ಇರುವದಿಲ್ಲ. ಕೈಯಲ್ಲಿರುವ ಮೊಬೈಲು ಯಂತ್ರವು ಕಾಮವನ್ನು ತೋರಿಸುವದು, ವಿವೇಕವನ್ನು ತೋರಿಸುವದಿಲ್ಲ. ಮದ್ಯವು ಇದ್ದ ವಿವೇಕವನ್ನೂ ಕಳೆಯುವದು. ಶಾಲೆಯಲ್ಲಿ ಶರೀರಶಾಸ್ತ್ರದ ಆ ಒಂದು ಪಾಠವನ್ನು ಮಾತ್ರ ಮನೆಯಲ್ಲಿಯೇ ಓದಿಕೊಳ್ಳಿರೆಂದು ಗುರುಗಳು ಹಾರಿಸುವರು. ಮನೆಯಲ್ಲಿ ಅಪ್ಪನಿಗೆ ಸಿಟ್ಟು, ಅವ್ವನಿಗೆ ಸಂಕೋಚ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ತರುಣನಿಗೆ ತೆರೆದಿರುವದು ಒಂದೇ ಬಾಗಿಲು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗಗಳಿಗೆ ಖಾತ್ರಿ ಚಿಕಿತ್ಸೆ’ ಎಂಬ ಚೀಟಿಯನ್ನಂಟಿಸಿದವನ ಬಾಗಿಲದು. ಆತನು ಇಲ್ಲದ ರೋಗವನ್ನು ಉಂಟೆಂದು ಹೆದರಿಸಿ ಹಣ ಸುಲಿಯುವನು. ಇರುವ ರೋಗವನ್ನು ಬೂದಿ ಭಸ್ಮ ಕೊಟ್ಟು ಬೆಳೆಯಗೊಡುವನು. ಆತನ ವ್ಯಾಪಾರಕ್ಕೆ ಬಂಡವಾಳವು ವಿದ್ಯೆಯಲ್ಲ, ತರುಣನ ನಾಚಿಕೆ.

ನಾಚಿಕೆಗೆ ಬದಲಾಗಿ ದಂಡನೆಯಿಂದ ಈ ರೋಗವು ಹೋದೀತೇ ಎಂದರೆ, ಅದರ ಪ್ರಯೋಗವೂ ಆಗಿಹೋಗಿದೆ. 1868ರಲ್ಲಿ ಆಂಗ್ಲ ಸರಕಾರವು ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು, ದಂಡಿನ ಊರುಗಳಲ್ಲಿ ವೇಶ್ಯೆಯರ ಹೆಸರುಗಳನ್ನು ದಾಖಲೆ ಮಾಡಿಸಿ, ಬಲಾತ್ಕಾರವಾಗಿ ಪರೀಕ್ಷಿಸಿ, ರೋಗವಿದ್ದವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕಿತು. ಅವರ ಬಳಿಗೆ ಬಂದ ಸಿಪಾಯಿಗಳಿಗೆ ಕಾಯಿದೆಯ ಅಂಥ ಕಾಟವೇನೂ ಇರಲಿಲ್ಲ. ಹೆಂಗಸರು ಹೆದರಿ ಅಡಗಿಕೊಂಡರು, ಊರು ಬಿಟ್ಟು ಓಡಿದರು. ರೋಗವು ಅಡಗಿದವರೊಡನೆ ಅಡಗಿತು, ಓಡಿದವರೊಡನೆ ಓಡಿತು. ಎಷ್ಟೋ ಸಜ್ಜನರು ವಿರೋಧಿಸಿದ ಆ ಕಾಯಿದೆಯು 1888ರಲ್ಲಿ ರದ್ದಾಯಿತು. ಅರ್ಧದಷ್ಟು ಜನರನ್ನು ದೂಷಿಸಿ ಉಳಿದ ಅರ್ಧವನ್ನು ಬಿಟ್ಟುಬಿಡುವ ಚಿಕಿತ್ಸೆಯು ಚಿಕಿತ್ಸೆಯೇ ಅಲ್ಲ. ಇಂದಿಗೂ ಒಬ್ಬರಿಗೆ ಮಾತ್ರ ಔಷಧ ಕೊಟ್ಟು ಸಂಗಾತಿಗೆ ಕೊಡದಿದ್ದರೆ, ರೋಗವು ಚೆಂಡಿನಂತೆ ಅತ್ತಿಂದಿತ್ತ ಬಂದೇ ಬರುವದು.

ಹಾಗಾದರೆ ಶರಣರ ಮಾರ್ಗವು ಯಾವದು? ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆ ಎಂಬ ಶರಣೆಯು ಇದ್ದಾಳೆ. ಆಕೆಯದಾಗಿ ಉಳಿದುಬಂದಿರುವದು ಒಂದೇ ವಚನ. ಆಕೆಯ ಅಂಕಿತವು ‘ನಿರ್ಲಜ್ಜೇಶ್ವರ’. ಲೋಕವು ಯಾರ ಮೇಲೆ ಲಜ್ಜೆಯನ್ನೆಲ್ಲ ಹೊರಿಸಿದ್ದಿತೋ ಅಂಥವಳು ತನ್ನ ದೇವರನ್ನು ಲಜ್ಜೆಯಿಲ್ಲದ ಈಶ್ವರನೆಂದು ಕರೆದಳು. ಶರಣರು ಆಕೆಯ ಹಿಂದಿನ ವೃತ್ತಿಯ ಹೆಸರನ್ನೂ ಮರೆಮಾಡಲಿಲ್ಲ, ಆಕೆಯನ್ನೂ ಹೊರಗಿಡಲಿಲ್ಲ. ಇಲ್ಲಿ ಸೂಕ್ಷ್ಮವಾದ ಒಂದು ವಿವೇಕವುಂಟು. ಕೆಟ್ಟ ನಡತೆಗೆ ನಾಚಬೇಕು; ಅದು ಮನುಷ್ಯನನ್ನು ಕಾಯುವ ನಾಚಿಕೆ. ರೋಗವನ್ನು ಹೇಳಿಕೊಳ್ಳಲು ನಾಚಬಾರದು; ಅದು ಮನುಷ್ಯನನ್ನು ಕೊಲ್ಲುವ ನಾಚಿಕೆ. ಮೊದಲನೆಯದನ್ನು ಕಳೆದುಕೊಂಡವನು ಜಾರುವನು. ಎರಡನೆಯದನ್ನು ಹಿಡಿದುಕೊಂಡವನು ಜಾರಿದಲ್ಲಿಯೇ ಮುಳುಗುವನು. ಒಂದನ್ನು ಕಲಿಸಿ ಇನ್ನೊಂದನ್ನು ಬಿಡಿಸುವದೇ ಹಿರಿಯರ ಕೆಲಸ.

ತರುಣರು ಅರಿಯತಕ್ಕ ಉಪಾಯಗಳು ಬಹಳವಿಲ್ಲ. ಸಂಯಮವು ಎಲ್ಲಕ್ಕೂ ಮೊದಲನೆಯದು. ವಿವಾಹದ ವರೆಗೆ ಬ್ರಹ್ಮಚರ್ಯ, ಆಮೇಲೆ ಪರಸ್ಪರ ನಿಷ್ಠೆ, ಇದಕ್ಕಿಂತ ಮಿಗಿಲಾದ ಕವಚವಿಲ್ಲ. ಆದರೆ ಉಪದೇಶವನ್ನು ಕೇಳಿದವರೆಲ್ಲರೂ ಅದರಂತೆ ನಡೆಯುವರೆಂದು ನಂಬಿ ಕುಳಿತುಕೊಳ್ಳುವದು ಲೋಕವನ್ನರಿಯದ ಮಾತು. ಸಂಯಮವು ತಪ್ಪುವಲ್ಲಿ ನಿರೋಧ್ ಬಳಸುವದರಿಂದ ಎಚ್‌ಐವಿಯನ್ನೂ ಇತರ ಅನೇಕ ಸೋಂಕುಗಳನ್ನೂ ಬಹುಮಟ್ಟಿಗೆ ತಡೆಯಬಹುದು. ಮೈಚರ್ಮದಿಂದ ಹರಡುವ ಹರ್ಪಿಸ್, ಎಚ್‌ಪಿವಿಗಳ ವಿಷಯದಲ್ಲಿ ಅದರ ರಕ್ಷೆಯು ಪೂರ್ಣವಲ್ಲ. ಎಚ್‌ಪಿವಿಗೂ ಹೆಪಟೈಟಿಸ್-ಬಿಗೂ ಲಸಿಕೆಗಳುಂಟು. ಹುಣ್ಣು, ಕೀವು, ಉರಿಮೂತ್ರ, ತೊಡೆಸಂದಿನ ಗಂಟು, ಅಸಹಜವಾದ ಸ್ರಾವ ಇವು ಕಂಡ ದಿನವೇ ವೈದ್ಯರಲ್ಲಿಗೆ ಹೋಗಬೇಕು. ತಾನಾಗಿ ಮಾಯಿತೆಂದು ನಂಬಬಾರದು. ಚಿಹ್ನೆಯಿಲ್ಲದಿದ್ದರೂ ಶಂಕೆಯಿದ್ದವರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಎಚ್‌ಐವಿ ತಗಲಿರಬಹುದೆಂಬ ಬಲವಾದ ಸಂದೇಹವಿದ್ದರೆ 72 ಗಂಟೆಗಳೊಳಗೆ ಆಸ್ಪತ್ರೆಗೆ ಹೋದವರಿಗೆ ಅದನ್ನು ತಡೆಯುವ ಔಷಧವನ್ನು ಕೊಡಬಹುದು. ಕೊಟ್ಟ ಔಷಧವನ್ನು ಪೂರ್ತಿ ಮುಗಿಸಬೇಕು, ಸಂಗಾತಿಗೂ ಚಿಕಿತ್ಸೆಯಾಗಬೇಕು, ಇಬ್ಬರಿಗೂ ಗುಣವಾಗುವ ವರೆಗೆ ಸಂಗವನ್ನು ವರ್ಜಿಸಬೇಕು.

ಇದಕ್ಕೆ ದೂರದ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಸರಕಾರದ ಜಿಲ್ಲಾ ಆಸ್ಪತ್ರೆಗಳಲ್ಲಿ ಗುಹ್ಯರೋಗಗಳಿಗಾಗಿ ‘ಸುರಕ್ಷಾ’ ಕ್ಲಿನಿಕ್ಕುಗಳೂ, ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಗಳೂ ಇವೆ. ಹದಿಹರೆಯದವರ ಸಲಹೆಗೆಂದು ‘ಸ್ನೇಹ’ ಕ್ಲಿನಿಕ್ಕುಗಳುಂಟು. ಮುಖ ತೋರಿಸಲು ಅಂಜುವವರು 1097 ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಿ ವಿಚಾರಿಸಬಹುದು. 2017ರ ಎಚ್‌ಐವಿ ಕಾಯಿದೆಯು, 2018ರಿಂದ ಜಾರಿಯಲ್ಲಿದ್ದು, ಒಪ್ಪಿಗೆಯಿಲ್ಲದೆ ಪರೀಕ್ಷಿಸುವದನ್ನೂ, ರೋಗಿಯ ಗುಟ್ಟನ್ನು ಬಯಲು ಮಾಡುವದನ್ನೂ, ಸೋಂಕಿನ ಕಾರಣದಿಂದ ಉದ್ಯೋಗದಿಂದಲೋ ಶಾಲೆಯಿಂದಲೋ ಹೊರಹಾಕುವದನ್ನೂ ನಿಷೇಧಿಸಿದೆ. ಇನ್ನು ಬಾಲಕ ಬಾಲಿಕೆಯರಲ್ಲಿ ಇಂಥ ರೋಗವು ಕಂಡುಬಂದರೆ, ಯಾರೋ ದುರುಳರು ಆ ಮಗುವಿಗೆ ಕೇಡು ಮಾಡಿರಬಹುದೆಂಬ ಶಂಕೆಯು ಮೊದಲು ಬರಬೇಕು. ತಪ್ಪು ಮಗುವಿನದಲ್ಲ. ಮನೆತನದ ಮಾನವೆಂದು ಅದನ್ನು ಮುಚ್ಚುವವರು ದುರುಳನನ್ನೇ ಕಾಯ್ದಂತಾಗುವದು. 1098 ಎಂಬುದು ಮಕ್ಕಳ ನೆರವಿನ ದೂರವಾಣಿ. ಮಕ್ಕಳ ರಕ್ಷಣೆಗೆ 2012ರ ಪೋಕ್ಸೋ ಕಾಯಿದೆಯೂ ಇದೆ.

ತಾಯಿತಂದೆಗಳು ಮಾಡತಕ್ಕದ್ದು ದೊಡ್ಡ ವ್ಯಾಖ್ಯಾನವಲ್ಲ. ಮಗನು ದೂರದೂರಿಗೆ ಹೊರಟಾಗ ಬುತ್ತಿ ಕಟ್ಟಿಕೊಟ್ಟಂತೆ ನಾಲ್ಕು ಬುದ್ಧಿಯ ಮಾತನ್ನೂ ಕಟ್ಟಿಕೊಡಬೇಕು. ಅವುಗಳಲ್ಲಿ ಕಡೆಯ ಮಾತು ಹೀಗಿರಲಿ: “ತಮ್ಮಾ, ಎಡವಬೇಡ. ಎಡವಿದರೆ ಮೊದಲು ಮನೆಗೆ ಬಂದು ಹೇಳು. ಸಿಟ್ಟು ಆಮೇಲೆ, ಆಸ್ಪತ್ರೆ ಮೊದಲು.” ಈ ಒಂದು ಮಾತನ್ನು ಕೇಳಿ ಹೊರಟ ಮಗನು ಗೋಡೆಯ ಚೀಟಿಯವನ ಬಾಗಿಲನ್ನು ತಟ್ಟಲಾರನು. ಮಗಳಿಗೂ ಅದೇ ಮಾತು ಸಲ್ಲಬೇಕು; ಆಕೆಗೆ ಇನ್ನೂ ಮೆಲ್ಲನೆ, ಇನ್ನೂ ಮೊದಲು. ಮದುವೆಗೆ ಮುಂಚೆ ವಧೂವರರಿಬ್ಬರೂ ಸ್ವಸಂತೋಷದಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ರೂಢಿಯನ್ನು ಹಿರಿಯರು ತಮ್ಮ ಮನೆಗಳಿಂದಲೇ ಆರಂಭಿಸಬಹುದು. ಜಾತಕವು ಕೂಡಿಬಂದು ರಕ್ತವು ಕೆಟ್ಟಿದ್ದರೆ ಸುಖವೆಲ್ಲಿಯದು?

ಮಠಗಳ ಪಾಲಿನ ಕೆಲಸವೂ ಇದೆ. ಪ್ರಸಾದನಿಲಯಗಳಲ್ಲಿ ವರ್ಷಕ್ಕೆರಡು ಸಲವಾದರೂ ಬಲ್ಲ ವೈದ್ಯರಿಂದ ಹುಡುಗರಿಗೂ, ವೈದ್ಯೆಯರಿಂದ ಹುಡುಗಿಯರಿಗೂ ನೇರವಾದ ಕನ್ನಡದಲ್ಲಿ ಈ ವಿಷಯವನ್ನು ಹೇಳಿಸಬೇಕು. ಹೆಸರು ಬರೆಯದೆ ಪ್ರಶ್ನೆಗಳನ್ನು ಹಾಕಲು ಒಂದು ಪೆಟ್ಟಿಗೆಯನ್ನಿಟ್ಟರೆ, ಬಾಯಿಬಿಡಲಾರದ ಮಕ್ಕಳ ಸಂಶಯಗಳು ಅದರಲ್ಲಿ ಬಂದು ಬೀಳುವವು. ಸೋಂಕು ತಗಲಿದ ವಿದ್ಯಾರ್ಥಿಯ ಗುಟ್ಟು ಗುಟ್ಟಾಗಿರಬೇಕು. ಆತನ ತಟ್ಟೆಯು ಉಳಿದವರ ತಟ್ಟೆಗಳ ಸಾಲಿನಲ್ಲಿಯೇ ಇರಬೇಕು. ದಾಸೋಹದ ಅರ್ಥವು ಅನ್ನವನ್ನು ನೀಡುವದರಲ್ಲಿಯೇ ಮುಗಿಯಲಿಲ್ಲ. ಉಣ್ಣಲು ಕುಳಿತವನನ್ನು ಎಬ್ಬಿಸದಿರುವದೂ ಅದರಲ್ಲಿ ಸೇರಿದೆ.

ಈ ಮಹೋತ್ಸವಕ್ಕೆ ದೂರದೂರುಗಳಿಂದ ತರುಣ ತರುಣಿಯರು ಬಂದಿದ್ದಾರೆ. ನಾಳೆ ಅವರು ತಮ್ಮ ತಮ್ಮ ಕೆಲಸಕ್ಕೆ, ಕಾಲೇಜಿಗೆ ಹಿಂದಿರುಗುವರು. ಯಾವನಾದರೊಬ್ಬನು ಮಾದ ಹುಣ್ಣೊಂದರ ನೆನಪನ್ನು ಎದೆಯಲ್ಲಿ ಮುಚ್ಚಿಟ್ಟುಕೊಂಡು ಈ ಸಭೆಯಲ್ಲಿ ಕುಳಿತಿರಬಹುದು. ಆತನು ನಾಳೆಯೇ ಆಸ್ಪತ್ರೆಯ ಬಾಗಿಲನ್ನು ತುಳಿದರೆ, ಇನ್ನೂ ಮನೆತುಂಬದ ಸೊಸೆಯೊಬ್ಬಳೂ, ಇನ್ನೂ ಹುಟ್ಟದ ಕೂಸೊಂದೂ ಉಳಿಯುವವು. ಅಷ್ಟಾದರೆ ಈ ಮಂಗಲಸಮಯದಲ್ಲಿ ರೋಗದ ಮಾತನ್ನು ಎತ್ತಿದ್ದು ಸಾರ್ಥಕವಾಯಿತು.